ಒಲೆಯ ಹೊಗೆ ನೋಡಿ ಕಂದಾಯ ಬಿಟ್ಟ ದೊರೆ

ಜಪಾನಿನ ಈಗಿನ ಚಕ್ರವರ್ತಿ ನರುಹಿತೊ ಅವರ ವಂಶದ ಲೆಕ್ಕದಲ್ಲಿ 126ನೆಯವರು. ಅದೇ ಲೆಕ್ಕದಲ್ಲಿ 16ನೆಯವನು ನಿಂಟೊಕು. ಈಗಿನ ಒಸಾಕಾ ಇರುವ ಜಾಗ, ಆಗಿನ ನಾನಿವ, ಅವನ ರಾಜಧಾನಿ. 720ರಲ್ಲಿ ಮುಗಿದ 'ನಿಹೊನ್ ಶೋಕಿ' ಎಂಬ ಗ್ರಂಥ ಅವನು 313ರಿಂದ 399ರವರೆಗೆ ಆಳಿದ ಎನ್ನುತ್ತದೆ. ಲೆಕ್ಕ ಹಾಕಿ, 87 ವರ್ಷ! ಬರೆದದ್ದೂ ಅವನು ಸತ್ತ ಮುನ್ನೂರು ವರ್ಷದ ಮೇಲೆ. ಹಾಗಾಗಿ ಇತಿಹಾಸಕಾರರು ಇದನ್ನು ಅರ್ಧ ಕಥೆ ಎಂದೇ ಓದುತ್ತಾರೆ, ನಾವೂ ಹಾಗೇ ಓದೋಣ.

ಪಟ್ಟ ಸಿಕ್ಕಿದ್ದೂ ಸಲೀಸಾಗಿ ಅಲ್ಲ. ತಂದೆ ಓಜಿನ್ ಕಿರಿಯ ಮಗನನ್ನು ವಾರಸುದಾರ ಮಾಡಿದ್ದ. ಅಣ್ಣನೇ ಆಳಲಿ ಎಂದು ತಮ್ಮ, ತಮ್ಮನೇ ಆಳಲಿ ಎಂದು ಅಣ್ಣ. ಮೂರು ವರ್ಷ ಸಿಂಹಾಸನ ಖಾಲಿ. ಕಾಣಿಕೆಯ ಮೀನು ಹೊತ್ತು ಬಂದ ಬೆಸ್ತನನ್ನು ಇವನು ಅವನ ಹತ್ತಿರ, ಅವನು ಇವನ ಹತ್ತಿರ ಅಟ್ಟಿ ಅಟ್ಟಿ ಮೀನೇ ಕೊಳೆತುಹೋಯಿತಂತೆ. ಕೊನೆಗೆ ತಮ್ಮ ಪ್ರಾಣ ಬಿಟ್ಟ.

ಅವನ ಹೆಸರು ಇಂದಿಗೂ ಉಳಿದಿರುವುದು ಒಂದು ಕಥೆಯಿಂದ. ಆಳ್ವಿಕೆಯ ನಾಲ್ಕನೇ ವರ್ಷ ಎತ್ತರದ ಜಾಗ ಹತ್ತಿ ನೋಡಿದ. ಯಾವ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಬೇಯಿಸಲು ಕಾಳಿಲ್ಲ ಎಂದು ಅರ್ಥ ಮಾಡಿಕೊಂಡು ಮೂರು ವರ್ಷ ಬಿಟ್ಟಿ ದುಡಿಮೆ, ಕಂದಾಯ ಎರಡನ್ನೂ ನಿಲ್ಲಿಸಿದ. ಬರಗಾಲದಲ್ಲಿ ಅಧಿಕಾರಿಗಳು ಉಪಗ್ರಹ ಚಿತ್ರ, ಮಳೆ ಅಂಕಿ ಮುಂದಿಡುವುದನ್ನು ವರದಿ ಮಾಡುವ ನಮಗೆ ಈ ಅಳತೆಗೋಲು ಬಹಳ ಹಿಡಿಸಿತು. ಅರಮನೆಗೆ ರಿಪೇರಿ ನಿಂತಿತು. ಚಾವಣಿ ಸೋರಿತು, ಒಳಗೆ ಮಲಗಿದರೆ ನಕ್ಷತ್ರ ಕಾಣುತ್ತಿತ್ತು. ಏಳನೇ ವರ್ಷ ಮತ್ತೆ ಹತ್ತಿ ನೋಡಿದಾಗ ಊರ ತುಂಬ ಹೊಗೆ. 'ನಾವೀಗ ಸಿರಿವಂತರು' ಎಂಬ ಅರ್ಥದಲ್ಲಿ ರಾಣಿಗೆ ಹೇಳಿದ. ಗೋಡೆ ಬಿದ್ದ ಮನೆಯಲ್ಲಿ ಕೂತು ಎಂಥ ಸಿರಿ ಎಂದು ಅವಳು ಕೇಳಿದಳು. ಪ್ರಜೆಗಳೇ ಕಂದಾಯ ಕೊಡುತ್ತೇವೆಂದು ಬಂದರೂ ಇನ್ನೂ ಮೂರು ವರ್ಷ ತಡೆದ.

ರಾಣಿ ಇವಾನೊಹಿಮೆ ಮಾತ್ರ ಅವನಿಂದ ಸುಖಪಡಲಿಲ್ಲ. ಅವಳು ಊರಲ್ಲಿಲ್ಲದಾಗ ಇನ್ನೊಬ್ಬಳನ್ನು ಅರಮನೆಗೆ ತಂದ. ಸುದ್ದಿ ಕೇಳಿ ದೂರ ಹೋದವಳು ಮರಳಿ ಬರದೆ ಅಲ್ಲೇ ಸತ್ತಳು.

ನೀರಾವರಿಯ ಕಥೆಯನ್ನೂ ಹೇಳಲೇಬೇಕು. ನೆರೆ ತಡೆಯಲು ಅವನು ಸಮುದ್ರಕ್ಕೆ ಕಾಲುವೆ ತೋಡಿಸಿ, ಮಮುತ ಎಂಬಲ್ಲಿ ನದಿಗೆ ಏರಿ ಕಟ್ಟಿಸಿದ. ಎರಡು ಕಡೆ ಏರಿ ನಿಲ್ಲದೆ ಒಡೆಯುತ್ತಿತ್ತು. ಇಬ್ಬರನ್ನು ಹೊಳೆಗೆ ಬಲಿ ಕೊಡು ಎಂದು ಕನಸಾಯಿತಂತೆ. ಮೊದಲನೆಯವನು ಅಳುತ್ತ ಮುಳುಗಿದ. ಎರಡನೆಯವನು, ಕೊರೊಮೊನೊಕೊ, ಎರಡು ಸೋರೆ ಬುರುಡೆ ನೀರಿಗೆಸೆದು, ದೇವರಿಗೆ ನಾನೇ ಬೇಕಾದರೆ ಮೊದಲು ಇವನ್ನು ಮುಳುಗಿಸಲಿ ಎಂದ. ಸುಳಿಗಾಳಿ ಎದ್ದರೂ ಬುರುಡೆ ಮುಳುಗಲಿಲ್ಲ, ತೇಲಿ ಹೋದವು. ಅವನು ಬದುಕಿದ, ಏರಿಯೂ ನಿಂತಿತು. ಹೊಗೆಯ ಕಥೆ ಯುದ್ಧಕ್ಕೆ ಮುಂಚಿನ ಶಾಲಾ ಪಠ್ಯದಲ್ಲಿ ಮಕ್ಕಳಿಗೆ ಪಾಠವಾಗಿತ್ತು. ನಮ್ಮನ್ನು ಕೇಳಿದರೆ ಈ ಬುರುಡೆಯವನ ಕಥೆಯೇ ಹೆಚ್ಚು ಗಟ್ಟಿ.

ಈಗ ಸಕಾಯ್ ನಗರಕ್ಕೆ ಬನ್ನಿ. ಅಲ್ಲಿ ಅವನದೆಂದು ಹೇಳುವ ಸಮಾಧಿ ದಿಬ್ಬವಿದೆ. ಉದ್ದ 486 ಮೀಟರ್, ಸುತ್ತ ಮೂರು ಕಂದಕ. ಹಳೇ ಉಪಕರಣದಲ್ಲಿ ಇದನ್ನು ಕಟ್ಟಲು ದಿನಕ್ಕೆ 2,000 ಆಳು ದುಡಿದರೂ 15 ವರ್ಷ 8 ತಿಂಗಳು ಬೇಕಿತ್ತೆಂದು 1985ರಲ್ಲಿ ಜಪಾನಿನ ಒಬಾಯಾಶಿ ನಿರ್ಮಾಣ ಕಂಪನಿ ಲೆಕ್ಕ ಹಾಕಿತು. ಬಿಟ್ಟಿ ದುಡಿಮೆ ಬಿಟ್ಟ ದೊರೆಗೆ ದೇಶದಲ್ಲೇ ದೊಡ್ಡ ಗೋರಿ. ಆ ಮಣ್ಣು ಹೊತ್ತ ತಿಂಗಳುಗಳಲ್ಲಿ ಎಷ್ಟು ಒಲೆ ಉರಿದವೋ!

ದಿಬ್ಬ ಐದನೇ ಶತಮಾನದ್ದು ಎನ್ನುತ್ತಾರೆ ಪುರಾತತ್ವ ತಜ್ಞರು. ಅಂದರೆ ಗ್ರಂಥದ 399ಕ್ಕೆ ತಾಳೆಯಾಗುವುದಿಲ್ಲ, ಒಳಗಿರುವವನು ನಿಂಟೊಕುವೇ ಎಂಬುದೂ ಸಾಬೀತಾಗಿಲ್ಲ. 2019ರಲ್ಲಿ ಸುತ್ತಲಿನ ದಿಬ್ಬಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿದರೂ ಒಳಗೆ ಜನರಿಗೆ ಪ್ರವೇಶವಿಲ್ಲ. ಬೀಗದ ಕಂಡಿಯಂಥ ಅದರ ಆಕಾರ ಆಕಾಶದಿಂದಷ್ಟೇ ಸರಿಯಾಗಿ ಕಾಣುತ್ತದೆ. ಎದುರು ಹೋಗಿ ನಿಂತರೆ ನೀರಿನಾಚೆ ಕಾಡು ಬೆಳೆದ ಗುಡ್ಡ, ಅಷ್ಟೇ.