ಗಡಿನಾಡಿನ ಕಿವುಡ ಮಕ್ಕಳೂ ವಾಚನಸಿದ್ಧಿಯೂ

ಶ್ರವಣಶಕ್ತಿ ಕುಂದಿದ ಮಗು ಸಮರ್ಥ ವಾಚಕನಾಗುವುದು ಹೇಗೆಂಬ ಪ್ರಶ್ನೆಯು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ವಿಶೇಷ ಜಟಿಲತೆಯನ್ನು ತಾಳುತ್ತದೆ. ಏಕೆಂದರೆ ಕನ್ನಡ ಮರಾಠಿಗಳೆರಡನ್ನೂ ಕಿವಿಯಿಂದಲೇ ಅನಾಯಾಸವಾಗಿ ಕಲಿಯುವ ಭಾಗ್ಯವು ಇಲ್ಲಿನ ಇತರ ಮಕ್ಕಳಿಗುಂಟು, ಕಿವುಡ ಮಗುವಿಗಾದರೋ ಅವೆರಡೂ ಕೇವಲ ತುಟಿಗಳ ಚಲನೆ. ನಿಪ್ಪಾಣಿಯಲ್ಲಿ ತಲೆ ತಗ್ಗಿಸಿ ಬೀಡಿ ಕಟ್ಟುವ ತಾಯಿಯ ತುಟಿಗಳೂ ಮಗುವಿಗೆ ಕಾಣವು, ಸನ್ನೆ ಮಾಡಲು ಕೈಗಳಿಗೂ ಬಿಡುವಿಲ್ಲ.

ತುಟಿ ಕಂಡರೂ ಸಾಲದು. ಪ, ಬ, ಮ ಮೂರೂ ಓಷ್ಠ್ಯಗಳಾದುದರಿಂದ ‘ಬಳೆ’ ಎಂದರೂ ‘ಮಳೆ’ ಎಂದರೂ ಮುಖದಲ್ಲಿ ತೋರುವ ರೂಪ ಒಂದೇ. ಕಾಗದದ ಮೇಲೆ ಮಾತ್ರ ಅವು ಬೇರೆ ಬೇರೆ. ಹೀಗೆ ಬರಹವು ಕಿವುಡನಿಗೆ ಮಾತಿಗಿಂತ ವಿಶದವಾದುದೇ ಸರಿ. ಆದರೆ ಅಕ್ಷರವು ಸೂಚಿಸುವ ಅರ್ಥವು ಯಾವುದಾದರೊಂದು ಭಾಷೆಯ ಮೂಲಕ ಮಗುವಿನ ಚಿತ್ತದಲ್ಲಿ ಮೊದಲೇ ನೆಲೆಸಿರಬೇಕು.

ಇದು ಎಷ್ಟು ಬೇಗ ನೆಲೆಸಿದರೆ ಅಷ್ಟು ಲೇಸು: ಅಮೆರಿಕದ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವು, ಆರು ತಿಂಗಳೊಳಗೆ ದೋಷ ಪತ್ತೆಯಾದ ಶಿಶುಗಳ ಭಾಷಾಶಕ್ತಿಯು ತಡವಾಗಿ ಗುರುತಿಸಲ್ಪಟ್ಟವರಿಗಿಂತ ಉತ್ತಮವೆಂದು ತೋರಿಸಿತು. ಆ ಭಾಷೆಯು ಕೈಗಳಿಂದಾಡುವ ಸಂಕೇತಭಾಷೆಯೂ ಆಗಬಹುದು: 2008ರಲ್ಲಿ ಸಂಶೋಧಕರಾದ ಚೇಂಬರ್ಲೇನ್ ಮತ್ತು ಮೇಬೆರಿಯವರು, ಓದಿನಲ್ಲಿ ನಿಪುಣರಾದ ಕಿವುಡ ವಯಸ್ಕರು ಸಂಕೇತಭಾಷೆಯಲ್ಲಿಯೂ ನಿಪುಣರೆಂಬುದನ್ನು ಕಂಡರು. ಸಂಕೇತವು ಓದಿಗೆ ಅಡ್ಡಿಯೆಂಬ ಹಳೆಯ ಶಂಕೆಗೆ ಇಲ್ಲಿ ಆಧಾರವಿಲ್ಲ.

ಸಂಕೇತವು ಓದಿಗೆ ಹೇಗೆ ನೆರವಾಗುವುದೆಂದು ತಿಳಿಯಲು ಕನ್ನಡದ ವಿಭಕ್ತಿಯನ್ನೇ ಪರೀಕ್ಷಿಸೋಣ. ‘ಅಕ್ಕ ತಮ್ಮನಿಗೆ ಪುಸ್ತಕ ಕೊಟ್ಟಳು’, ‘ಅಕ್ಕನಿಗೆ ತಮ್ಮ ಪುಸ್ತಕ ಕೊಟ್ಟನು’: ಪದಗಳ ಕ್ರಮ ಒಂದೇ, ಕೊಟ್ಟವರಾರು, ಪಡೆದವರಾರು ಎಂಬುದನ್ನು ತಿಳಿಸುವವು ಪ್ರತ್ಯಯಗಳು. ಕಿವಿಗೆ ಬೀಳದ ಈ ಪ್ರತ್ಯಯಗಳನ್ನು ಕಿವುಡ ಬಾಲಕನು ಓದುವಾಗ ಗಮನಿಸದೆ ಹೋಗುವುದು ಸಹಜ. ಭಾರತೀಯ ಸಂಕೇತಭಾಷೆಯಲ್ಲಾದರೋ ಕೊಡುವವರ ಕಡೆಯಿಂದ ಪಡೆಯುವವರ ಕಡೆಗೆ ಕೈ ಸರಿಯುವುದರಿಂದ ಈ ಸಂಬಂಧವು ಕಣ್ಣಿಗೇ ಗೋಚರವಾಗುತ್ತದೆ. ಗುರುವು ಮೊದಲು ಕೈಚಲನೆಯನ್ನು ತೋರಿಸಿ, ಅನಂತರ ಹಲಗೆಯ ಮೇಲಿನ ‘ಗೆ’ ಪ್ರತ್ಯಯಕ್ಕೆ ಗೆರೆ ಎಳೆಯಿಸಿದರೆ ವ್ಯಾಕರಣವು ಅರ್ಥದೊಡನೆ ಕೂಡಿಕೊಳ್ಳುತ್ತದೆ; ಅದೇ ಚಲನೆಯಿಂದ ಮರಾಠಿಯ ‘ಲಾ’ ಪ್ರತ್ಯಯವನ್ನೂ ಕಲಿಸಬಹುದು. ಎರಡು ನುಡಿಗಳ ಈ ಸೀಮೆಯಲ್ಲಿ ಸಂಕೇತಭಾಷೆಯೇ ಎರಡಕ್ಕೂ ಸಮಾನವಾದ ಆಧಾರವಾಗಬಲ್ಲುದು.

ಅಲ್ಪಶ್ರವಣವುಳ್ಳ ಮಗುವಿಗೆ ಶ್ರವಣಯಂತ್ರವು ಅವಶ್ಯಕ. ಆದರೂ ಅದೊಂದೇ ಭಾಷೆಯನ್ನು ಕೊಡಲಾರದು. ಸಂಕೇತಭಾಷೆಯಲ್ಲಿ ಅರ್ಹರಾದ ಶಿಕ್ಷಕರನ್ನು, ಅವರಲ್ಲಿ ಅಂಗವಿಕಲರನ್ನೂ ಸೇರಿಸಿ, ನೇಮಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವಿಧಿಸಿದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳಲ್ಲಿ ಈ ವಿಧಿಯು ಕಾರ್ಯರೂಪಕ್ಕೆ ಬರಲಿ. ಓದಬಲ್ಲ ಕಿವುಡ ಹಿರಿಯರು ಮಕ್ಕಳ ಮುಂದೆ ಗುರುಗಳಾಗಿ ನಿಲ್ಲಲಿ. ತಾಯ್ತಂದೆಗಳು ಶಿಶುವಿನ ಕಿವಿಯನ್ನು ಮೊದಲ ಆರು ತಿಂಗಳೊಳಗೇ ಪರೀಕ್ಷೆ ಮಾಡಿಸಲಿ.