ಜಾವಾ–ಯೆಜ್ಡಿಗಳ ಉತ್ತರಚರಿತ್ರೆ

ಕಾರ್ಖಾನೆಯೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಬಾಗಿಲು ತೆರೆದ ದಿನದಿಂದ ಮೊದಲುಮಾಡಿ ಬಾಗಿಲು ಮುಚ್ಚಿದ ದಿನಕ್ಕೆ ಮುಗಿಸುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ವಿಷಯದಲ್ಲಿ ಈ ಪದ್ಧತಿ ಸಾಲದು. 1996ರಲ್ಲಿ ಕಾರ್ಖಾನೆ ನಿಂತುಹೋಯಿತು. ಅದು ಮಾಡಿದ ಮೋಟಾರು ಸೈಕಲ್ಲುಗಳು ನಿಲ್ಲಲಿಲ್ಲ. ಅವುಗಳ ಬಾಳಿನ ಎರಡನೆಯ ಭಾಗದಲ್ಲಿ ದೊಡ್ಡದೊಂದು ಪಾಲು ನಡೆದುದು ಬೆಂಗಳೂರಿನಲ್ಲಿ, ಅದರ ಹೊರವಲಯಗಳ ದುಡಿಮೆಯನ್ನೂ ಸಂಬಳವನ್ನೂ ನಂಬಿ. ‘ಹವ್ಯಾಸ’ವೆಂದು ಜನರು ಹಗುರವಾಗಿ ಹೇಳಿಬಿಡುವ ಆ ಭಾಗವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಈ ಬಂಡಿಯ ಮೂಲ ಚೆಕ್ ದೇಶ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ ತಯಾರಿಕೆಯನ್ನು ಕೊಂಡು, ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ಆ ಕಂಪೆನಿಯ ಹೆಸರಿನ ಮೊದಲ ಅಕ್ಷರಗಳನ್ನೂ ಜೋಡಿಸಿ ಹೊಸ ಹೆಸರನ್ನು ಕಟ್ಟಿದನು. ಚೆಕ್ಕರ ಬಾಯಲ್ಲಿ ಅದು ‘ಯಾವಾ’. ಇಂಗ್ಲಿಷಿನ ರೀತಿಯಲ್ಲಿ ಓದಿ ನಾವು ‘ಜಾವಾ’ ಮಾಡಿಕೊಂಡೆವು. ಈಗ ತಿದ್ದಿಕೊಳ್ಳುವ ಅಗತ್ಯವೇನೂ ಇಲ್ಲ. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು ಅದನ್ನು ಮೈಸೂರಿಗೆ ತಂದರು. ಯಾದವಗಿರಿಯಲ್ಲಿ ಕಟ್ಟಿದ ಕಾರ್ಖಾನೆಯನ್ನು 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಉದ್ಘಾಟಿಸಿದರು. 1970ರ ದಶಕದಲ್ಲಿ ಬಂಡಿಗೆ ‘ಯೆಜ್ಡಿ’ ಎಂಬ ಹೆಸರು ಬಂದಿತು. ಅದು ಪಾರಸಿಗಳ ಪೂರ್ವಿಕರ ನಾಡಿನ ಯಜ್ದ್ ಪಟ್ಟಣದ ಸ್ಮರಣೆಯೆಂದು ಹೇಳುವುದುಂಟು. 1978ರಲ್ಲಿ ಹೊರಬಂದ ರೋಡ್‌ಕಿಂಗ್ ಅವೆಲ್ಲಕ್ಕಿಂತ ಹೆಸರಾಯಿತು.

ಇದರ ಯಂತ್ರವನ್ನು ಕುರಿತು ಎರಡು ಮಾತು ಅವಶ್ಯಕ. ಅದನ್ನು ತಿಳಿಯದೆ ಮುಂದಿನ ಕಥೆ ತಿಳಿಯದು. ಪಿಸ್ಟನ್ ಒಂದೇ, ಹೊಗೆಕೊಳವೆ ಮಾತ್ರ ಎರಡು. ಸಿಲಿಂಡರಿನ ಅಗಲ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು; ಲೆಕ್ಕ ಹಾಕಿದರೆ ಸುಮಾರು 249 ಸಿ.ಸಿ. ಎಂಜಿನ್ನು ಚಾಲೂ ಮಾಡುವ ಒದೆಗೋಲೇ ಅನಂತರ ಗೇರು ಬದಲಿಸುವ ಕೋಲೂ ಆಗುತ್ತದೆ. ಎರಡು ಹೊಡೆತದ ಈ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಸುಡಬೇಕು. ಬಿಚ್ಚಿ ಜೋಡಿಸುವುದಕ್ಕೆ ಇಷ್ಟು ಸುಲಭವಾದ ಯಂತ್ರ ಅಪರೂಪ. ಆದರೆ ಅದರ ಹೊಟ್ಟೆಯೊಳಗಿನ ಕ್ರ್ಯಾಂಕು ಹಾಗಲ್ಲ. ಅದು ಬಿಡಿಭಾಗಗಳನ್ನು ಬಲವಾಗಿ ಒತ್ತಿ ಕೂರಿಸಿದ ಗಂಟು. ಒಳಗಣ ಬೇರಿಂಗು ಸವೆದರೆ ಪ್ರೆಸ್ಸಿನಲ್ಲಿ ಇಟ್ಟು ಬಿಡಿಸಿ, ಹೊಸ ರಾಡನ್ನು ಹಾಕಿ, ಮತ್ತೆ ಒತ್ತಿ, ಡಯಲ್ ಗೇಜನ್ನು ಹಿಡಿದು ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ನೇರಮಾಡಬೇಕು. ಕೊಂಚ ಸೊಟ್ಟಗಾದರೆ ಬಂಡಿ ನಡುಗಿ, ಕೆಲವೇ ದಿನಗಳಲ್ಲಿ ಬೇರಿಂಗನ್ನು ಮತ್ತೆ ತಿಂದುಹಾಕುವುದು.

ಕಾರ್ಖಾನೆಯ ಅವನತಿಯ ಕಾರಣಗಳನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ರಾಜ್ಯದ ಗಡಿಯ ಆಚೆ ಕಾಲಿಟ್ಟೊಡನೆ ಸಿಕ್ಕುವ ಹೊಸೂರಿನಲ್ಲಿ, 1984ರಲ್ಲಿ ಟಿ.ವಿ.ಎಸ್. ಸಂಸ್ಥೆಯು ಸುಜುಕಿಯವರ ಸಹಯೋಗದಿಂದ 100 ಸಿ.ಸಿ.ಯ ಮೋಟಾರು ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಹೀರೋ ಹೋಂಡಾ ಬಂದು, ಲೀಟರಿಗೆ 80 ಕಿಲೋಮೀಟರೆಂದು ಸಾರಿತು. ಯೆಜ್ಡಿಯ ಹಸಿವು ಅದಕ್ಕಿಂತ ಎಷ್ಟೋ ಹೆಚ್ಚು. ಗುಮಾಸ್ತನಾಗಲಿ ಉಪಾಧ್ಯಾಯನಾಗಲಿ ಯಾವುದನ್ನು ಕೊಂಡಾನೆಂದು ಕೇಳಬೇಕಾದುದಿಲ್ಲ. 1991ರಲ್ಲಿ ಬಂದು 1996ರಲ್ಲಿ ಬಿಗಿಯಾದ ಹೊಗೆಯ ನಿಯಮಗಳು ಎಣ್ಣೆ ಸುಡುವ ಎಂಜಿನ್ನಿನ ದಾರಿಯನ್ನು ಮತ್ತಷ್ಟು ಇಕ್ಕಟ್ಟುಮಾಡಿದುವು. ಈ ನಿಯಮಗಳನ್ನು ಬಯ್ಯುವ ಅಭಿಮಾನಿಗಳುಂಟು. ಬೆಂಗಳೂರಿನ ಗಾಳಿಯನ್ನು ಕುಡಿಯುವವರು ಅವರ ಜೊತೆ ಸೇರಲಾರರು.

ಇತ್ತ, ಕಾರ್ಖಾನೆ ಸೊರಗುತ್ತಿದ್ದ ಅದೇ ವರ್ಷಗಳಲ್ಲಿ ಬೆಂಗಳೂರಿನ ಅಂಚುಗಳು ಬೆಳೆಯುತ್ತಿದ್ದುವು. ರೋಡ್‌ಕಿಂಗ್ ಹೊರಬಂದ ಕಾಲಕ್ಕೆ ಸರಿಯಾಗಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಮುಂದಾಲೋಚನೆಯಂತೆ ಎಲೆಕ್ಟ್ರಾನಿಕ್ ಸಿಟಿಗೆ ನೆಲೆ ಹಾಕುತ್ತಿದ್ದಿತು. 1882ರಲ್ಲಿ ಆಂಗ್ಲೋ–ಇಂಡಿಯನ್ನರ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡಿನಲ್ಲಿ 1990ರ ದಶಕದ ಕೊನೆಗೆ ಗಾಜಿನ ಸೌಧಗಳು ಎದ್ದುವು. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು ಒಂದರ ಮಗ್ಗುಲಲ್ಲಿ ಒಂದು ಕುಳಿತು, ಲೇತು, ಬೋರಿಂಗು, ಗ್ರೈಂಡಿಂಗು, ಮುಲಾಮುಗಳ ಕೆಲಸವನ್ನು ಹಗಲಿರುಳು ನಡೆಸುತ್ತಿದ್ದುವು. ಸಾಲಾಗಿ ನಿಂತ ಇಂಥ ಯಂತ್ರಗಳು ತಯಾರಕನಿಲ್ಲದ ಬಂಡಿಗೆ ದೊರೆತ ಭಾಗ್ಯವೆನ್ನಬೇಕು. ಕಂಪೆನಿ ಮುಚ್ಚಿದ ಮೇಲೆ ಬಿಡಿಭಾಗ ಎಲ್ಲಿಂದ ಬರಬೇಕು? ಒಂದು ಪಾಲು ಜೆ.ಸಿ. ರಸ್ತೆಯ ಅಂಗಡಿಗಳಿಂದ, ಶಿವಾಜಿನಗರದ ಗುಜರಿಯಿಂದ. ಅಲ್ಲಿಯೂ ಸಿಕ್ಕದಿದ್ದರೆ ಹಳೆಯ ತುಂಡನ್ನು ಮಾದರಿಯಾಗಿಟ್ಟುಕೊಂಡು ಲೇತಿನ ಮುಂದೆ ನಿಲ್ಲುವುದೊಂದೇ ದಾರಿ.

ಹೀಗೆ ನಿಲ್ಲುವವರಲ್ಲಿ ಹಲವರು ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತು, ಕೈಯಿಂದ ಮುಟ್ಟಲಾಗದ ವಸ್ತುವನ್ನು ಕಟ್ಟುವ ತರುಣರು. ಶನಿವಾರ ಅವರ ಉಗುರಿನಲ್ಲಿ ಗ್ರೀಸು ಕಾಣುತ್ತದೆ. ಬೆಂಗಳೂರಿನ ಜಾವಾ–ಯೆಜ್ಡಿ ಸಂಘದವರು ಜುಲೈ ತಿಂಗಳಲ್ಲಿ ಅಂತಾರಾಷ್ಟ್ರೀಯ ಜಾವಾ ದಿನವನ್ನು ಆಚರಿಸುವಾಗ, ತಂದೆ ಕೊಂಡ ಬಂಡಿಯನ್ನು ಮಗ ಏರಿ ಬರುವುದೂ ಉಂಟು. ಇದನ್ನು ಹಣವಂತರ ಆಟವೆನ್ನುವವರಿದ್ದಾರೆ. ಹಣ ಬೇಕೆಂಬುದು ದಿಟ. ಆದರೆ ಹಣ ಕೊಟ್ಟು ಕ್ರ್ಯಾಂಕನ್ನು ನೇರಮಾಡಲಾಗದು. ಅದಕ್ಕೆ ಬೇಕಾದುದು ಸದ್ದನ್ನು ಕೇಳಿ ರೋಗವನ್ನು ಹೇಳಬಲ್ಲ ಹಳೆಯ ಮೇಸ್ತ್ರಿಯ ಕಿವಿ. ಆ ವಿದ್ಯೆಯ ಬಹುಭಾಗ ಯಾವ ಪುಸ್ತಕದಲ್ಲಿಯೂ ಇಲ್ಲ. ಯಾದವಗಿರಿಯ ಬಂಡಿಗಳೊಡನೆ ಬೆಳೆದ ಕೈಗಳು ಈಗ ಮುಪ್ಪಾಗಿವೆ. ಬಂಡಿಗೆ ಬಣ್ಣ ಬಳಿದು ಚಿತ್ರ ತೆಗೆದುಕೊಳ್ಳುವ ಉತ್ಸಾಹದಲ್ಲಿ ಕಾಲುಪಾಲನ್ನಾದರೂ ಈ ಮೇಸ್ತ್ರಿಗಳ ಮಾತನ್ನು ಬರೆದಿಡುವುದಕ್ಕೆ ನಮ್ಮ ಸಂಘಗಳು ತೋರಿಸಬೇಕಾಗಿದೆ. ಶಾಸನಗಳನ್ನು ಹುಡುಕಿ ಪ್ರತಿ ಮಾಡಿದ ನಾಡಿಗೆ ಇದು ಆಗದ ಕೆಲಸವಲ್ಲ.

2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮಾರುಕಟ್ಟೆಗೆ ಮರಳಿದುವು. ಆ ಹೊಸ ಬಂಡಿಗಳು ತಯಾರಾದುದು ಮಧ್ಯಪ್ರದೇಶದ ಪೀಥಂಪುರದಲ್ಲಿ, ನಾಲ್ಕು ಹೊಡೆತದ ಎಂಜಿನ್ನಿನೊಡನೆ. ಮೈಸೂರಿಗೆ ಹೆಸರಿನ ನೆನಪು ಮಾತ್ರ ಉಳಿಯಿತು. ಹಳೆಯ ಬಂಡಿಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಬೇರೊಂದು ಗೌರವವನ್ನು ಕೊಟ್ಟಿತು: 50 ವರ್ಷ ತುಂಬಿ, ಮೂಲರೂಪವನ್ನು ಉಳಿಸಿಕೊಂಡ ವಾಹನವು ‘ವಿಂಟೇಜ್’ ಎನಿಸಿಕೊಂಡು, ‘ವಿ.ಎ.’ ಎಂಬ ಅಕ್ಷರಗಳಿರುವ ಸಂಖ್ಯೆಯನ್ನು ಪಡೆಯಬಹುದು. ನಿತ್ಯದ ಓಡಾಟಕ್ಕೆ ಮಾತ್ರ ಅದನ್ನು ಬಳಸಕೂಡದು. ಮೊದಲ ಜಾವಾಗಳು ಈ ವಯಸ್ಸನ್ನು ಎಂದೋ ದಾಟಿವೆ. 1996ರಲ್ಲಿ ಹೊರಬಿದ್ದ ಕೊನೆಯ ಯೆಜ್ಡಿಗಳು ಅದನ್ನು ಮುಟ್ಟುವುದು 2046ರಲ್ಲಿ. ಅಲ್ಲಿಯವರೆಗೆ ಅವುಗಳ ಒಡೆಯರು ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯ ಮುಂದೆ ಬಂಡಿಯನ್ನು ನಿಲ್ಲಿಸಿ, ಒದೆಗೋಲನ್ನು ಒದ್ದು, ಅದು ಇನ್ನೂ ಓಡುತ್ತದೆಂಬುದನ್ನು ತೋರಿಸಿಕೊಡಬೇಕು.