ಮೊದಲ ದೃಶ್ಯದಲ್ಲಿ ಯಾರಿದ್ದಾರೆ?

ಕಾವ್ಯವನ್ನು ಹೇಗೆ ಆರಂಭಿಸಬೇಕು ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನರಲ್ಲಿ ಸಿದ್ಧ ಉತ್ತರವಿತ್ತು. ಮಹಾಕಾವ್ಯದ ಮುಖದಲ್ಲಿ ಆಶೀರ್ವಾದವೋ ನಮಸ್ಕಾರವೋ ವಸ್ತುನಿರ್ದೇಶವೋ ಇರಬೇಕೆಂದು ದಂಡಿ ವಿಧಿಸಿದ. ಕವಿರಾಜಮಾರ್ಗದ ಕಾಲದಿಂದಲೂ ದಂಡಿಯನ್ನು ಬಲ್ಲ ಕನ್ನಡ ಕವಿಗಳು ಆ ಮೂರು ಬಾಗಿಲುಗಳಲ್ಲಿ ತಮಗೆ ಒಪ್ಪಿದ್ದನ್ನು ತೆರೆದುಕೊಂಡು ಒಳಹೊಕ್ಕರು. ಚಲನಚಿತ್ರಕ್ಕೆ ಅಂತಹ ಶಾಸ್ತ್ರವಿರಲಿಲ್ಲ. ಅದು ಹುಟ್ಟಿದ್ದೇ ಒಂದು ನಿಜವಾದ ಬಾಗಿಲು ತೆರೆಯುವುದರೊಂದಿಗೆ.

ಈ ಮಾತು ನಮ್ಮ ನಡುವೆ ಬಂದದ್ದಕ್ಕೆ ಕಾರಣವಿದೆ. ಮುಂಬಯಿಯ ಕನ್ನಡ ಮನೆಗಳ ಕೆಲವು ವಿದ್ಯಾರ್ಥಿಗಳು ಹನ್ನೆರಡು ನಿಮಿಷಗಳ ಒಂದು ಚಿತ್ರವನ್ನು ಮಾಡಹೊರಟಿದ್ದಾರೆ. ಅರುವತ್ತರ ದಶಕದಲ್ಲಿ ಕರಾವಳಿಯಿಂದ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಒಬ್ಬ ಹುಡುಗನ ಕಥೆ ಅದು. ಚಿತ್ರಕಥೆ ಸಿದ್ಧವಾಗಿದೆ, ಆದರೆ ಮೊದಲ ದೃಶ್ಯ ಮಾತ್ರ ಕೈಗೆ ಸಿಗಲಿಲ್ಲ. ಡ್ರೋನಿನಿಂದ ಸಮುದ್ರವನ್ನೂ ಗೋಪುರಗಳನ್ನೂ ತೋರಿಸಿ, ಹಿನ್ನೆಲೆಯಲ್ಲಿ ಗಂಭೀರ ಕಂಠವೊಂದು ವಲಸೆಯ ಇತಿಹಾಸವನ್ನು ಓದುವುದು ಅವರ ಮೊದಲ ಆಲೋಚನೆ. ಅದನ್ನು ಬದಿಗಿಟ್ಟು ಹಳೆಯ ಚಿತ್ರಗಳ ಆರಂಭಗಳನ್ನು ಒಟ್ಟಿಗೆ ಕುಳಿತು ನೋಡೋಣವೆಂದೆವು. ಒಮ್ಮೆ ಸದ್ದಿನೊಂದಿಗೆ, ಒಮ್ಮೆ ಸದ್ದಿಲ್ಲದೆ ನೋಡುವುದು ನಮ್ಮ ಕ್ರಮ. ಮೊದಲು ಕಾಣುವುದು ಏನು, ಅದನ್ನು ನೋಡುತ್ತಿರುವವರು ಯಾರು, ಮೊದಲ ಮಾತು ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಬಾಯಿಂದ ಬರುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡೆವು.

ಲೂಮಿಯೇರ್ ಸೋದರರ ಲಿಯೋನಿನ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ 1895ರ ಚಿತ್ರ ಒಂದು ನಿಮಿಷಕ್ಕಿಂತಲೂ ಚಿಕ್ಕದು. ಬಾಗಿಲು ತೆರೆಯುತ್ತದೆ, ಹೆಂಗಸರೂ ಗಂಡಸರೂ ಎಡಕ್ಕೂ ಬಲಕ್ಕೂ ಸರಿದುಹೋಗುತ್ತಾರೆ, ನಡುವೆ ಒಂದು ನಾಯಿ, ಸೈಕಲ್ಲುಗಳು. ಬಹಳ ಕಾಲ ಇದನ್ನು ಕಂಡದ್ದನ್ನು ಕಂಡಂತೆ ಹಿಡಿದ ಚಿತ್ರವೆಂದೇ ಹೇಳಲಾಗುತ್ತಿತ್ತು. ಆದರೆ ಅದರ ಮೂರು ಆವೃತ್ತಿಗಳು ಉಳಿದಿವೆ. ಕುದುರೆಯಿಲ್ಲದ್ದು, ಒಂದು ಕುದುರೆಯದ್ದು, ಎರಡು ಕುದುರೆಗಳದ್ದು ಎಂದು ಅವನ್ನು ಗುರುತಿಸುತ್ತಾರೆ. ಅಂದರೆ ಜಗತ್ತಿನ ಮೊದಲ ದೃಶ್ಯವನ್ನೇ ಮತ್ತೆ ಮತ್ತೆ ತೆಗೆಯಲಾಯಿತು. ಕ್ಯಾಮೆರಾ ಮಾಲೀಕರದು, ಅದರ ಮುಂದೆ ನಡೆದವರು ಅವರ ಕೆಲಸದಾಳುಗಳು. ಆ ಆಳುಗಳಲ್ಲಿ ಒಬ್ಬರೂ ಕ್ಯಾಮೆರಾದ ಕಡೆ ನಿಂತು ಏನನ್ನೂ ಹೇಳುವುದಿಲ್ಲ. ಅವರ ಹೆಸರೂ ನಮಗೆ ತಿಳಿಯುವುದಿಲ್ಲ.

1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಚಿತ್ರಗಳು ತೆರೆಕಂಡಾಗ ಈ ಚಿತ್ರವೂ ಅದರಲ್ಲಿತ್ತು. ಟಿಕೆಟು ಒಂದು ರೂಪಾಯಿ. ಕಾಲಾ ಘೋಡಾದಲ್ಲಿ ಆ ಕಬ್ಬಿಣದ ಕಟ್ಟಡ ಜೀರ್ಣಗೊಂಡು ಇಂದಿಗೂ ನಿಂತಿದೆ. ನಮ್ಮ ವಿದ್ಯಾರ್ಥಿಗಳ ಕಥಾನಾಯಕ ಲೋಟ ತೊಳೆದ ಕೋಟೆ ಪ್ರದೇಶ ಅಲ್ಲಿಂದ ಕೆಲವೇ ಹೆಜ್ಜೆ. ಸಿನಿಮಾ ಭಾರತಕ್ಕೆ ಬಂದು ಇಳಿದದ್ದೂ ಒಂದು ಹೋಟೆಲಿನಲ್ಲಿ ಎಂಬುದು ಹುಡುಗರಿಗೆ ಬಹಳ ಹಿಡಿಸಿತು. ಹಿಡಿಸಲಿ. ನಮ್ಮನ್ನು ತಡೆದು ನಿಲ್ಲಿಸಿದ್ದು ಮಾತ್ರ ಆ ಹೆಸರಿಲ್ಲದ ಗುಂಪು.

ಎಡ್ವಿನ್ ಪೋರ್ಟರನ 1903ರ ರೈಲು ದರೋಡೆಯ ಚಿತ್ರದಲ್ಲಿ ದರೋಡೆಕೋರನೊಬ್ಬ ಪ್ರೇಕ್ಷಕರತ್ತ ನೇರವಾಗಿ ಪಿಸ್ತೂಲು ಹಾರಿಸುವ ಸಮೀಪ ದೃಶ್ಯವಿದೆ. ಇದನ್ನು ಚಿತ್ರದ ಮೊದಲಾದರೂ ಕೊನೆಯಾದರೂ ತೋರಿಸಬಹುದೆಂದು ಎಡಿಸನ್ ಕಂಪೆನಿಯ ಪಟ್ಟಿಯಲ್ಲಿ ಪ್ರದರ್ಶಕರಿಗೆ ಸೂಚನೆಯಿತ್ತು. ಆರಂಭವೆಂಬುದು ಇನ್ನೂ ಕಥೆಗೆ ಅಂಟಿಕೊಂಡಿರದ ಕಾಲ ಅದು.

ಫಾಲ್ಕೆಯವರಿಗೆ ಈ ಅನುಮಾನವಿರಲಿಲ್ಲ. ಲೋಣಾವಳೆಯ ರವಿವರ್ಮ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ಅವರಿಗೆ ಪ್ರೇಕ್ಷಕರ ಮನೆಯ ಗೋಡೆಯ ಮೇಲೆ ಏನು ತೂಗುತ್ತಿದೆಯೆಂಬುದು ಗೊತ್ತಿತ್ತು. 1913ರ ಮೇ 3ರಂದು ಗಿರ್ಗಾಂವಿನ ಕಾರೊನೇಶನ್ ಚಿತ್ರಮಂದಿರದಲ್ಲಿ ಬಿಡುಗಡೆಯಾದ ‘ರಾಜಾ ಹರಿಶ್ಚಂದ್ರ’ ಆರಂಭವಾಗುವುದು ಅರಸ, ಅರಸಿ, ಮಗ ಒಟ್ಟಿಗೆ ಇರುವ ದೃಶ್ಯದಿಂದ. ಅಪ್ಪ ಮಗನಿಗೆ ಬಿಲ್ವಿದ್ಯೆ ಹೇಳಿಕೊಡುತ್ತಾನೆ. ಉಳಿದಿರುವ ರೀಲುಗಳು 1913ರವೋ 1917ರ ಮರುನಿರ್ಮಾಣದವೋ ಎಂಬ ವಿವಾದ ವಿದ್ವಾಂಸರಲ್ಲಿದೆ. ಅದು ಹಾಗಿರಲಿ. ದಂಡಿ ಇದ್ದಿದ್ದರೆ ಇದನ್ನು ವಸ್ತುನಿರ್ದೇಶವೆಂದು ಒಪ್ಪುತ್ತಿದ್ದ: ಮುಂದೆ ಏನೇನು ಕಳೆದುಹೋಗಲಿದೆಯೋ ಅದೆಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಮೊದಲೇ ತೋರಿಸಿಬಿಡುವುದು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗದೆ ಫಾಲ್ಕೆ ಕೊನೆಗೆ ಕರೆತಂದ ಸಾಳುಂಕೆ, ಗ್ರ್ಯಾಂಟ್ ರೋಡಿನ ಹೋಟೆಲೊಂದರ ಅಡುಗೆಯಾಳು. ಭಾರತೀಯ ಕಥಾಚಿತ್ರದ ಮೊದಲ ‘ನಾಯಕಿ’ ಬಂದದ್ದೂ ಹೋಟೆಲಿನ ಒಳಮನೆಯಿಂದಲೇ. ಆತ ಮುಂದೆ ‘ಲಂಕಾದಹನ’ದಲ್ಲಿ ರಾಮನೂ ಆಗಿ ಸೀತೆಯೂ ಆಗಿ ನಟಿಸಿದ.

ಕನ್ನಡದ ಮೊದಲ ವಾಕ್ಚಿತ್ರದ ಆರಂಭವನ್ನು ನೋಡುವ ಭಾಗ್ಯ ನಮಗಿಲ್ಲ. 1934ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ಮರಾಠಿ ನೆಲದಲ್ಲಿ. ಅದರ ಪ್ರತಿ ಉಳಿದಿಲ್ಲ. ತೆರೆಯ ಮೇಲೆ ಕನ್ನಡದ ಮೊದಲ ಮಾತು ಹೇಗೆ ಕೇಳಿಸಿತೆಂಬುದನ್ನು ನಾವು ಊಹಿಸಿಕೊಳ್ಳಬೇಕಷ್ಟೆ.

ವಿದ್ಯಾರ್ಥಿಗಳಿಗೆ ಅತ್ಯಂತ ಮೋಹ ಹುಟ್ಟಿಸಿದ್ದು ಆರ್ಸನ್ ವೆಲ್ಸನ ‘ಟಚ್ ಆಫ್ ಈವಿಲ್’. 1958ರ ಈ ಚಿತ್ರದಲ್ಲಿ ಒಂದು ಕೈ ಬಾಂಬಿನ ಗಡಿಯಾರವನ್ನು ತಿರುಗಿಸುತ್ತದೆ. ಅದನ್ನು ಕಾರಿನೊಳಗೆ ಇಡಲಾಗುತ್ತದೆ. ಕ್ಯಾಮೆರಾ ಎಲ್ಲಿಯೂ ಕಡಿತವಿಲ್ಲದೆ ಛಾವಣಿಗಳ ಮೇಲೇರಿ, ಬೀದಿಗಿಳಿದು, ಮೂರು ನಿಮಿಷಕ್ಕೂ ಮಿಕ್ಕಿ ಆ ಕಾರನ್ನೂ ಅದರ ಪಕ್ಕದಲ್ಲಿ ನಡೆಯುತ್ತಿರುವ ನವದಂಪತಿಯನ್ನೂ ಹಿಂಬಾಲಿಸುತ್ತದೆ. ಸ್ಟುಡಿಯೋದವರು ಅದರ ಮೇಲೆ ಹೆಸರುಗಳನ್ನೂ ಮ್ಯಾನ್ಸಿನಿಯ ಸಂಗೀತವನ್ನೂ ಹೇರಿದರು. ವೆಲ್ಸ್ ಬರೆದ 58 ಪುಟಗಳ ಟಿಪ್ಪಣಿಯನ್ನು ಆಧರಿಸಿ 1998ರಲ್ಲಿ ವಾಲ್ಟರ್ ಮರ್ಚ್ ಅವೆರಡನ್ನೂ ತೆಗೆದು, ಬೀದಿಯ ಅಂಗಡಿಗಳಿಂದಲೂ ಕಾರಿನ ರೇಡಿಯೋದಿಂದಲೂ ಬರುವ ಸದ್ದನ್ನಷ್ಟೇ ಉಳಿಸಿದರು. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ, ಆರಂಭವನ್ನು ಕೆಡಿಸಲು ಚಿತ್ರಿಕೆಯನ್ನು ಮುಟ್ಟಬೇಕಾಗಿಲ್ಲ, ಅದರ ಮೇಲೆ ಏನನ್ನಾದರೂ ಸುರಿದರೆ ಸಾಕೆಂದು ತಿಳಿಯುತ್ತದೆ. ಗಂಭೀರ ಕಂಠದ ನಿರೂಪಣೆಯ ಯೋಚನೆ ಸದ್ದಿಲ್ಲದೆ ಬಿದ್ದುಹೋದದ್ದು ಅಂದೇ.

ತಮಗೂ ಅಂಥದೇ ಒಂದು ನಿಡಿದಾದ ಚಿತ್ರಿಕೆ ಬೇಕೆಂಬ ಹಟ ಮಾತ್ರ ಬೀಳಲಿಲ್ಲ. ಹೋಟೆಲಿನ ಒಳಮನೆಯಿಂದ ಬೀದಿಗೆ, ಬೀದಿಯಿಂದ ಶಾಲೆಯ ಮೆಟ್ಟಿಲಿಗೆ, ಎಲ್ಲಿಯೂ ಕತ್ತರಿಸದೆ! ನಮ್ಮ ಅಭಿಪ್ರಾಯವನ್ನು ಹೇಳಿದೆವು: ವೆಲ್ಸನ ಚಿತ್ರಿಕೆಯ ಬಲ ಅದರ ಉದ್ದದಲ್ಲಿಲ್ಲ, ಗಡಿಯಾರದಲ್ಲಿದೆ. ಓಡುತ್ತಿರುವ ಹೊತ್ತು ಮೊದಲೇ ನಮಗೆ ಗೊತ್ತಿರುವುದರಿಂದ ಕಡಿತವಿಲ್ಲದ ಒಂದೊಂದು ಕ್ಷಣವೂ ಭಾರವಾಗುತ್ತದೆ. ಕೊನೆಯ ಗಿರಾಕಿ ಏಳುವುದಕ್ಕೂ ಶಾಲೆಯ ಗಂಟೆಗೂ ನಡುವೆ ಹುಡುಗನಿಗೆ ಸಿಗುವ ಹೊತ್ತು ಎಷ್ಟೆಂಬುದು ನೋಡುವವರಿಗೆ ಮೊದಲು ತಿಳಿದಿದ್ದರೆ ಅವರ ಚಿತ್ರಿಕೆಗೂ ಅರ್ಥವಿದೆ. ಇಲ್ಲವಾದರೆ ಅದು ಕಸರತ್ತು.

ರೈಲಿನ ವಿಷಯಕ್ಕೂ ಬಂದೆವು. ಸರ್ಜಿಯೋ ಲಿಯೋನೆಯ 1968ರ ಚಿತ್ರದ ಆರಂಭದಲ್ಲಿ ಮೂವರು ಬಂದೂಕುಧಾರಿಗಳು ನಿಲ್ದಾಣದಲ್ಲಿ ಕಾಯುತ್ತಾರೆ. ಕಿರುಗುಟ್ಟುವ ಗಾಳಿಯಂತ್ರ, ಟೋಪಿಯ ಮೇಲೆ ತೊಟ್ಟಿಕ್ಕುವ ನೀರು, ಮುಖದ ಮೇಲೆ ಹರಿದಾಡುವ ನೊಣ, ಇವೇ ಅಲ್ಲಿ ಸಂಗೀತ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲೂ ಮೊದಲಿಗೆ ರೈಲು ಬರುತ್ತದೆ, ಜೈಲರೊಬ್ಬ ಇಳಿಯುತ್ತಾನೆ, ಅವನ ಕುದುರೆ ಸವಾರಿಯ ನೆಪದಲ್ಲಿ ನಾವು ಆ ನೆಲವನ್ನೆಲ್ಲ ಕಾಣುತ್ತೇವೆ. ಮುಂಬಯಿಗೆ ಬರುವವನ ಆರಂಭಕ್ಕೆ ‘ಶ್ರೀ 420’ರ ದಾರಿಯೂ ಇದೆ. ಇವುಗಳನ್ನೆಲ್ಲ ನೋಡಿ, ಹುಡುಗ ರೈಲಿನಿಂದ ಇಳಿಯುವುದನ್ನೇ ಮೊದಲ ದೃಶ್ಯವಾಗಿಸೋಣವೆಂದು ಒಬ್ಬರು ಸೂಚಿಸಿದರು. ಚರಿತ್ರೆ ಇಲ್ಲಿ ಅಡ್ಡ ಬಂತು. ಕೊಂಕಣ ರೈಲು ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅರುವತ್ತರ ದಶಕದಲ್ಲಿ ಕರಾವಳಿಯ ಗುಂಟ ಮುಂಬಯಿಗೆ ಬರುವ ರೈಲು ಇರಲಿಲ್ಲ. ಬಸ್ಸಿನಲ್ಲಿ ಬಂದವರುಂಟು, ಹಡಗಿನಲ್ಲಿ ಬಂದವರುಂಟು. ನಮ್ಮ ಹಿರಿಯರ ನೆನಪಿನಲ್ಲಿರುವುದು ಹಡಗಿನ ವಾಂತಿಯೇ ಹೊರತು ರೈಲಿನ ಸಿಳ್ಳಲ್ಲ. ಸಿನಿಮಾದಿಂದ ಸಿನಿಮಾವನ್ನು ಕಲಿಯುವಾಗ ಆಗುವ ತೊಂದರೆ ಇದೇ: ಬೇರೆ ಚಿತ್ರದ ರೈಲು ನಮ್ಮ ಅಜ್ಜನ ಬದುಕಿನೊಳಗೆ ಹಳಿಯಿಲ್ಲದೆ ನುಗ್ಗಿಬಿಡುತ್ತದೆ.

‘ಚಾರುಲತಾ’ವನ್ನು ಮೂರು ಬಾರಿ ನೋಡಿದೆವು. ಸತ್ಯಜಿತ್ ರಾಯ್ ಅವರ 1964ರ ಈ ಚಿತ್ರದ ಹೆಸರುಗಳು ಕಾಣಿಸುವಾಗಲೇ ಚಾರು ಕರವಸ್ತ್ರದ ಮೇಲೆ ‘ಬಿ’ ಎಂಬ ಅಕ್ಷರವನ್ನು ಕಸೂತಿ ಮಾಡುತ್ತಿದ್ದಾಳೆ; ಅದು ಗಂಡ ಭೂಪತಿಯ ಹೆಸರಿನ ಮೊದಲಕ್ಷರ. ಆಮೇಲೆ ಆಳಿಗೆ ಚಹದ ಮಾತು ಹೇಳಿದ್ದು ಬಿಟ್ಟರೆ ಹೆಚ್ಚುಕಡಿಮೆ ಮೌನ. ದೊಡ್ಡ ಮನೆ, ಉದ್ದನೆಯ ಮಧ್ಯಾಹ್ನ. ಅವಳು ಪುಸ್ತಕ ತೆಗೆಯುತ್ತಾಳೆ, ಇಡುತ್ತಾಳೆ. ಹೊರಗಿನ ಸದ್ದು ಕೇಳಿ ಕೈದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ. ಪಲ್ಲಕ್ಕಿ, ಕೊಡೆ ಹಿಡಿದ ದಢೂತಿ ಮನುಷ್ಯ, ಎಲ್ಲವೂ ಜಾಲಂಧರದ ಸಂದಿನಲ್ಲಿ ಕಂಡು ಮರೆಯಾಗುತ್ತವೆ. ಅಷ್ಟರಲ್ಲಿ ಭೂಪತಿ ಅದೇ ಹಜಾರದಲ್ಲಿ ಬಂದು, ಪುಸ್ತಕದಲ್ಲಿ ಮುಳುಗಿ, ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ. ಹೆಂಡತಿ ಅಲ್ಲಿ ನಿಂತಿದ್ದಾಳೆಂಬುದು ಅವನ ಗಮನಕ್ಕೇ ಬರುವುದಿಲ್ಲ. ಬೀದಿಯ ಅಪರಿಚಿತರನ್ನು ನೋಡಿದ ಅದೇ ದುರ್ಬೀನನ್ನು ಅವಳು ಗಂಡನ ಬೆನ್ನಿನತ್ತ ಎತ್ತುತ್ತಾಳೆ.

ಇಡೀ ಚಿತ್ರ ಆ ಒಂದು ಚಲನೆಯಲ್ಲಿದೆ. ಒಂಟಿತನ ಎಂಬ ಪದವನ್ನು ಯಾರೂ ಉಚ್ಚರಿಸಲಿಲ್ಲ. ನಮ್ಮ ಚರ್ಚೆ ಬೇರೆಯದೇ ದಿಕ್ಕಿಗೆ ತಿರುಗಿತು: ಇಲ್ಲಿ ನೋಡುವವಳು ಅವಳು. ಲಿಯೋನಿನ ಕೆಲಸಗಾರರನ್ನು ಮಾಲೀಕರು ನೋಡಿದರು. ಇಲ್ಲಿ ಯಾರೂ ನೋಡದವಳು ತಾನೇ ನೋಡುತ್ತಾಳೆ. ಪುಣೆಯ ಫಿಲ್ಮ್ ಇನ್ಸ್ಟಿಟ್ಯೂಟಿನಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು ‘ಘಟಶ್ರಾದ್ಧ’ದ ಲೋಕವನ್ನು ನಾಣಿಯೆಂಬ ಹುಡುಗನ ಕಣ್ಣಿಗೆ ಕಟ್ಟಿಕೊಟ್ಟದ್ದೂ ಇದೇ ಬಗೆಯ ನಿರ್ಧಾರ. ಹೋಟೆಲಿನ ಹುಡುಗನನ್ನು ಗಿರಾಕಿಯ ಮೇಜಿನಿಂದ ನೋಡಬೇಕೋ, ಗಿರಾಕಿಯನ್ನು ಹುಡುಗನ ಎತ್ತರದಿಂದ ನೋಡಬೇಕೋ ಎಂಬ ಪ್ರಶ್ನೆ ಅಲ್ಲಿಗೆ ತೀರ್ಮಾನವಾಯಿತು. ಕ್ಯಾಮೆರಾ ಮೇಜಿನ ಮಟ್ಟಕ್ಕಿಂತ ಮೇಲೇರದು.

ಆದರೂ ಒಂದು ಕೊರತೆ. ಚಾರುವಿನ ಮನೆ ಅವಳದೇ. ನಮ್ಮ ಹುಡುಗ ಊರು ಬಿಟ್ಟು ಬಂದವನು. ಅದಕ್ಕೆ ಋತ್ವಿಕ್ ಘಟಕರ ಕಡೆ ಹೋದೆವು. ‘ಮೇಘೇ ಢಾಕಾ ತಾರಾ’ (1960) ಆರಂಭವಾಗುವುದು ಒಂದು ಅಗಾಧವಾದ ಮರದಿಂದ. ಅದರ ಕೆಳಗಿನಿಂದ ಸಣ್ಣ ಚುಕ್ಕೆಯಂತೆ ನೀತಾ ನಡೆದುಬರುತ್ತಾಳೆ. ನೀರಿನ ದಡದಲ್ಲಿ ಅಣ್ಣ ಹಾಡಿನ ಅಭ್ಯಾಸದಲ್ಲಿದ್ದಾನೆ, ಹಿಂದೆ ರೈಲು ಹಾದುಹೋಗುತ್ತದೆ, ಅವಳು ನಿಂತು ನಗುತ್ತಾಳೆ. ಮುಂದೆ ಹೋಗುತ್ತಿದ್ದಂತೆ ಅವಳ ಚಪ್ಪಲಿಯ ಬಾರು ಕಿತ್ತುಹೋಗುತ್ತದೆ. ದೇಶವಿಭಜನೆಯಿಂದ ನೆಲೆ ಕಳೆದುಕೊಂಡ ಸಂಸಾರವದು. ಆದರೆ ಘಟಕರು ನಕಾಶೆಯನ್ನು ತೋರಿಸಲಿಲ್ಲ, ತಾರೀಕನ್ನು ಹೇಳಲಿಲ್ಲ. ಕಿತ್ತ ಬಾರನ್ನು ತೋರಿಸಿದರು. ಚಿತ್ರದ ಕೊನೆಯಲ್ಲಿ ಬೇರೊಬ್ಬ ಹುಡುಗಿಯ ಚಪ್ಪಲಿ ಅದೇ ರೀತಿ ಕಿತ್ತಾಗ ಎದೆ ಹಿಂಡುತ್ತದೆ. ಘಟಕರು ಅರುವತ್ತರ ದಶಕದ ನಡುವೆ ಪುಣೆಯ ಇನ್ಸ್ಟಿಟ್ಯೂಟಿನಲ್ಲಿ, ಹಿಂದಿನ ಪ್ರಭಾತ್ ಸ್ಟುಡಿಯೋದ ಅಂಗಳದಲ್ಲಿ, ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಮೊದಲಾದವರಿಗೆ ಪಾಠ ಹೇಳಿದರು. ಈ ಮರವನ್ನೂ ಈ ಬಾರನ್ನೂ ನೋಡಿದರೆ ಆ ಪಾಠ ಏನಿದ್ದೀತೆಂಬ ಅಂದಾಜು ಸಿಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಗುಂಪಿನಲ್ಲಿ ಮಿತಭಾಷಿಯಾದ ಒಬ್ಬ ಹುಡುಗಿ ಕೇಳಿದಳು: ‘ಯಕ್ಷಗಾನದಲ್ಲಿ ತೆರೆ ಹಿಡೀತಾರಲ್ಲ, ಅದನ್ನೂ ನೋಡಬಹುದಲ್ವಾ?’ ಅವಳ ಮನೆಯವರು ಕುಂದಾಪುರದ ಕಡೆಯವರು. ಒಡ್ಡೋಲಗದಲ್ಲಿ ವೇಷ ಒಮ್ಮೆಗೇ ಬರುವುದಿಲ್ಲ. ಇಬ್ಬರು ಹಿಡಿದ ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಕಾಲು. ಮುಖ ಕಾಣುವ ಹೊತ್ತಿಗೆ ಅದನ್ನು ಕಾಣಬೇಕೆಂಬ ಹಸಿವು ಸಭೆಗೆ ಹತ್ತಿರುತ್ತದೆ. ಆಮೇಲೆ ಪಾತ್ರ ತಾನು ಯಾರೆಂದು ತನ್ನ ಬಾಯಿಂದಲೇ ಹೇಳಿಕೊಳ್ಳುತ್ತದೆ. ನಮ್ಮ ಹೋಟೆಲುಗಳ ಹಿಂಬಾಗಿಲಲ್ಲೂ ತೊಳೆಯುವ ಜಾಗಕ್ಕೆ ಅರ್ಧ ಪರದೆ ಇರುತ್ತಿತ್ತು. ಅದರ ಕೆಳಗೆ ಒದ್ದೆ ಕಾಲುಗಳಷ್ಟೇ ಕಾಣುತ್ತಿದ್ದವು.

ಅಲ್ಲಿಂದ ಕೆಲಸ ಬೇಗ ಸಾಗಿತು. ಈಗ ಗೊತ್ತಾಗಿರುವ ಕ್ರಮ ಇಷ್ಟು: ಕಪ್ಪು ತೆರೆಯ ಮೇಲೆ ನಲ್ಲಿಯ ನೀರಿನ ಸದ್ದು, ಲೋಟಕ್ಕೆ ಲೋಟ ತಾಗುವ ಸದ್ದು. ಅರ್ಧ ಪರದೆ, ಕೆಳಗೆ ಒದ್ದೆ ಕಾಲು. ಹೊರಗಿನಿಂದ ಕೂಗು: ಗಿರಾಕಿಗೆ ಅವನು ‘ಛೋಕ್ರಾ’, ಗಲ್ಲೆಯ ಮೇಲಿನವರಿಗೆ ‘ಮಾಣಿ’. ಗೋಡೆಯ ಗಡಿಯಾರ. ಕಾಲುಗಳು ಪರದೆಯಿಂದ ಹೊರಬಂದು ಬೀದಿ ದಾಟುತ್ತವೆ. ಇಲ್ಲಿ ಅವರ ನಿಡಿದಾದ ಚಿತ್ರಿಕೆ. ಮೆಟ್ಟಿಲು, ಬೆಂಚು. ಮಾಸ್ತರರು ಹಾಜರಿ ಪುಸ್ತಕ ತೆರೆದು ಊರು ಸಹಿತವಾಗಿ ಅವನ ಪೂರ್ತಿ ಹೆಸರನ್ನು ಕರೆಯುತ್ತಾರೆ. ‘ಬಂದಿದ್ದೇನೆ’ ಎನ್ನುವಾಗ ಮುಖ ಮೊದಲ ಬಾರಿಗೆ ಕಾಣುತ್ತದೆ.

ಒಬ್ಬ ಇನ್ನೂ ಒಪ್ಪಿಲ್ಲ. ಹಾಜರಿಯ ಹೆಸರೇ ಚಿತ್ರದ ಮೊದಲ ಮಾತಾಗಬೇಕು, ‘ಛೋಕ್ರಾ’ ಎಂಬ ಕೂಗು ಆಮೇಲೆ ಬರಲಿ ಎಂಬುದು ಅವನ ವಾದ. ಹೆಸರು ಗೊತ್ತಿದ್ದವನನ್ನು ಹಾಗೆ ಕೂಗಿದರೆ ನೋಡುವವರಿಗೆ ಹೆಚ್ಚು ನೋಯುತ್ತದಂತೆ. ವಾದದಲ್ಲಿ ಹುರುಳಿದೆ. ಪೋರ್ಟರನ ಪಿಸ್ತೂಲಿನಂತೆ ಎರಡೂ ಕಡೆ ಇಟ್ಟು ನೋಡುವುದೆಂದು ಒಪ್ಪಂದವಾಗಿದೆ. ಚಿತ್ರೀಕರಣಕ್ಕೆ ಒಪ್ಪಿದ ಹೋಟೆಲಿನ ಒಳಮನೆ ಸಿಗುವುದು ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ. ಹಳೆಯ ಹಿತ್ತಾಳೆಯ ನಲ್ಲಿಯನ್ನೂ, ಸದ್ದು ಸರಿಯಾಗಿ ಬರುವಂತಹ ಗಾಜಿನ ಲೋಟಗಳನ್ನೂ ಅಷ್ಟರೊಳಗೆ ಹುಡುಕಬೇಕಾಗಿದೆ.